ಟ್ರಂಕಿನಲ್ಲಿ ಸಿಕ್ಕ ಬಿಲ್ಲೆ ಯಾವ ಪಡೆಯದು? ಗುರುತು ಹತ್ತದಿದ್ದಾಗ ಮಾಡಬೇಕಾದ ತಪಾಸಣೆ

ಸೋದರಮಾವ ಒಂದು ಫೋಟೊ ಕಳಿಸಿದ್ದರು. ಅಂಗೈ ಮೇಲೆ ಹಿತ್ತಾಳೆ ಬಿಲ್ಲೆ. ಮೊಟ್ಟೆಯಾಕಾರ. ಮೇಲೆ ಗಂಡಭೇರುಂಡ, ಕೆಳಗೆ ೩೪ ಅನ್ನುವ ಅಂಕಿ, ನಡುವೆ ಸವೆದುಹೋದ ಒಂದು ಸಾಲು ಅಕ್ಷರ. ಅದರ ಬೆನ್ನಿಗೇ ವಾಯ್ಸ್ ಮೆಸೇಜ್. "ನೋಡೋ, ನಮ್ಮ ತಾತಂದು. ಹೈಫಾ ಲಡಾಯೀದು. ಅವರು ದಫೇದಾರ್ ಆಗಿದ್ರು ಅಂತ ಅಮ್ಮ ಹೇಳ್ತಿದ್ಳಲ್ಲ. ಟ್ರಂಕಿನ ತಳದಲ್ಲಿ ಸಿಕ್ತು. ಮೈಸೂರು ಲ್ಯಾನ್ಸರ್ಸ್‌ದೇ ತಾನೇ?"

ಮೈಸೂರು ಲ್ಯಾನ್ಸರ್ಸ್ ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆ. ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಹಿಡಿದವರಲ್ಲಿ ಅವರೂ ಇದ್ದರು. ಹಳೇ ಸೈನ್ಯದ ಬಿಲ್ಲೆಗಳ ಹುಚ್ಚು ನನಗಿದೆ ಅಂತ ನೆಂಟರಿಗೆಲ್ಲ ಗೊತ್ತು. ಹಾಗಾಗಿ ಇಂಥ ಫೋಟೊ ಆಗಾಗ ಬರುತ್ತಲೇ ಇರುತ್ತವೆ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮನೆಯಲ್ಲಿ ಒಂದು ಕಥೆ ಇರುತ್ತದೆ. ಬಿಲ್ಲೆಯನ್ನು ಆ ಕಥೆಗೆ ಹೊಂದಿಸೋಕೆ ಹೊರಡುತ್ತಾರೆ. ಹೊಂದಿಸಬೇಕು ಅಂತ ಕೂತರೆ ಯಾವುದು ಬೇಕಾದರೂ ಹೊಂದುತ್ತದೆ ಬಿಡಿ. ನಾನು ಕಥೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಬಿಲ್ಲೆ ಏನು ಹೇಳುತ್ತದೆ ಅಂತ ನೋಡುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಮಾವನ ಬಿಲ್ಲೆಯನ್ನೂ ಜೊತೆಗೇ ಇಟ್ಟುಕೊಂಡು ಹೋಗೋಣ.

ಮೊದಲನೇದು: ಉಜ್ಜಬೇಡಿ

ಹಿತ್ತಾಳೆ ಕಂಡ ತಕ್ಷಣ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಹುಡುಕುತ್ತಾರೆ. ಇಲ್ಲಾ ಸಬೀನಾ ಪುಡಿ, ತೆಂಗಿನ ನಾರು. ದೀಪದ ಕಂಬಕ್ಕೆ ಅದು ಸರಿ. ಬಿಲ್ಲೆಗೆ ಬೇಡ. ಸವೆದ ಅಕ್ಷರ ಇನ್ನಷ್ಟು ಸವೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಂದುಗಳಲ್ಲಿ ಕೂತಿರುವ ಕೊಳೆ, ಕಿಲುಬು, ಒಣಗಿದ ಬ್ರಾಸೋ ಪಾಲಿಶಿನ ಪುಡಿ, ಇವೆಲ್ಲ ಸಾಕ್ಷಿಗಳು. ಅವು ತೊಳೆದುಹೋಗುತ್ತವೆ.

ಸಿಪಾಯಿ ತನ್ನ ಬಿಲ್ಲೆಯನ್ನು ದಿನವೂ ತಿಕ್ಕಿ ಹೊಳೆಸಬೇಕಿತ್ತು. ಹಾಗಾಗಿ ನಿಜವಾಗಿ ತೊಟ್ಟ ಬಿಲ್ಲೆಯ ಮುಂಭಾಗ ನುಣ್ಣಗೆ ಸವೆದಿರುತ್ತದೆ. ಉಬ್ಬಿದ ಕಡೆ ಜಾಸ್ತಿ, ತಗ್ಗಿನಲ್ಲಿ ಕಮ್ಮಿ. ಹಿಂಭಾಗ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಹಾಗೇ ಉಳಿದಿರುತ್ತದೆ. ಅಲ್ಲಿಗೆ ಯಾರು ಕೈ ಹಾಕುತ್ತಾರೆ? ಹಿಂದೆ ಮುಂದೆ ಎರಡೂ ಒಂದೇ ಸಮ ಸವೆದಿದ್ದರೆ, ಅಥವಾ ಎರಡೂ ಒಂದೇ ಸಮ ಕಪ್ಪಾಗಿದ್ದರೆ, ಯಾರೋ ಬೇಕಂತಲೇ ಹಳೆಯದು ಮಾಡಿರಬಹುದು.

ಅಕ್ಷರ ಓದೋಕೆ ಎರಡು ಉಪಾಯ ಸಾಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಬಿಲ್ಲೆಯ ಪಕ್ಕದಿಂದ, ಮೇಜಿನ ಮಟ್ಟದಲ್ಲೇ ಹಿಡಿಯಿರಿ. ಮೇಲಿನಿಂದ ಕಾಣದ ಗೆರೆಗಳು ನೆರಳಿನಲ್ಲಿ ಎದ್ದು ಬರುತ್ತವೆ. ಟಾರ್ಚನ್ನು ಸುತ್ತಲೂ ತಿರುಗಿಸುತ್ತಾ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಇನ್ನೊಂದು, ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ. ತೆಳು ಕಾಗದ, ಮೆತ್ತನೆಯ ಪೆನ್ಸಿಲ್.

ತಿರುಗಿಸಿ ನೋಡಿ

ಮಾವ ಮುಂಭಾಗದ ಫೋಟೊ ಮಾತ್ರ ಆರು ಕಳಿಸಿದ್ದರು. ಎಲ್ಲರೂ ಹೀಗೇ. ನಾನು ಮೊದಲು ಕೇಳುವುದು ಬೆನ್ನು ತೋರಿಸಿ ಅಂತ. ಈ ವಸ್ತು ಮೈಮೇಲೆ ಎಲ್ಲಿ ಕೂರುತ್ತಿತ್ತು ಅನ್ನೋದು ಗೊತ್ತಾಗುವುದು ಅಲ್ಲೇ.

ಹಿಂದೆ ಎರಡು ಪುಟ್ಟ ತಂತಿ ಕೊಂಡಿಗಳಿದ್ದರೆ ಅದು ಬಟ್ಟೆಗೆ ತೂರಿಸಿ ಹಾಕುವಂಥದ್ದು. ಬಟ್ಟೆಯಲ್ಲಿ ತೂತು, ತೂತಿನಿಂದ ಕೊಂಡಿ ಆಚೆಗೆ, ಕೊಂಡಿಯೊಳಗೆ ಒಂದು ಸೀಳು ಪಿನ್. ಪೇಟದ ಬಿಲ್ಲೆ, ಟೋಪಿ ಬಿಲ್ಲೆ, ಕಾಲರಿನ ಬಿಲ್ಲೆ, ಭುಜದ ಮೇಲಿನ ಹಿತ್ತಾಳೆ ಅಕ್ಷರ, ಎಲ್ಲಕ್ಕೂ ಈ ಪದ್ಧತಿ ಇತ್ತು. ಹಾಗಾದರೆ ಬೇರೆ ಮಾಡೋದು ಹೇಗೆ? ಗಾತ್ರ ನೋಡಿ. ಪೇಟದ್ದು ದೊಡ್ಡದು. ಕಾಲರಿನದ್ದು ಪುಟ್ಟದು, ಅದೂ ಜೋಡಿಯಲ್ಲಿರುತ್ತದೆ. ಪ್ರಾಣಿಯ ಚಿತ್ರವಾದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಮುಖ ಮಾಡಿರುತ್ತದೆ. ಪುಸ್ತಕದ ಚಿತ್ರದಲ್ಲಿ ಹುಲಿ ಎಡಕ್ಕೆ ನೋಡುತ್ತಿದೆ, ನಿಮ್ಮದು ಬಲಕ್ಕೆ. ಅಷ್ಟಕ್ಕೇ ಅದು ನಕಲಿ ಆಗುವುದಿಲ್ಲ. ಜೋಡಿಯಲ್ಲಿ ಇನ್ನೊಂದು ಕಳೆದಿರಬಹುದು.

ಕೊಂಡಿಯ ಬದಲು ಉದ್ದನೆಯ ಒಂದು ಲೋಹದ ಪಟ್ಟಿ, ಕೆಳಗೆ ತುದಿ ಬಿಟ್ಟುಕೊಂಡು ನಿಂತಿದ್ದರೆ ಅದು ಸ್ಲೈಡರ್. ಟೋಪಿಯ ಪಟ್ಟಿಯೊಳಗೆ ಸಿಕ್ಕಿಸುವುದು. ಬ್ರಿಟಿಷ್ ಟೋಪಿ ಬಿಲ್ಲೆಗಳಲ್ಲಿ ಇದು ತುಂಬಾ ಸಾಮಾನ್ಯ. ಪೇಟ ಸುತ್ತುವವನಿಗೆ ಇದರಿಂದ ಏನು ಉಪಯೋಗ, ಯೋಚಿಸಿ.

ಸೀರೆ ಪಿನ್ನಿನಂಥ ಪಿನ್ ಇದ್ದರೆ ನಿಧಾನಿಸಿ. ಸಿಪಾಯಿಗಳು ತಮ್ಮ ರೆಜಿಮೆಂಟಿನ ಚಿಹ್ನೆಯನ್ನು ಪುಟ್ಟ ಬ್ರೋಚ್ ಮಾಡಿಸಿ ಹೆಂಡತಿಗೋ ತಾಯಿಗೋ ಕೊಡುವ ರೂಢಿ ಬ್ರಿಟಿಷರಲ್ಲಿತ್ತು. ಅವು ಸೈನಿಕನ ಸಮವಸ್ತ್ರದ ಭಾಗವಲ್ಲ. ಆಮೇಲೆ ಯಾರೋ ಕೊಂಡಿ ಕಿತ್ತು ಪಿನ್ ಬೆಸೆದಿರುವುದೂ ಉಂಟು. ಬೆಸುಗೆಯ ಸುತ್ತ ಹಳೇ ಗುರುತು ಉಳಿದಿದೆಯಾ ನೋಡಿ.

ದಪ್ಪ ತಿರುಪಿನ ಕಡ್ಡಿ, ನಟ್ಟು, ರಿವೆಟ್ ತೂತು, ಅಥವಾ ಚರ್ಮದ ಪಟ್ಟಿ ತೂರುವಷ್ಟು ಅಗಲದ ಕಿಂಡಿ ಇದ್ದರೆ ಅದು ಬಟ್ಟೆಯದಲ್ಲ, ಚರ್ಮದ್ದು. ಬೆಲ್ಟು, ಎದೆಗೆ ಅಡ್ಡ ಹಾಕುವ ಪಟ್ಟಿ, ಕುದುರೆಯ ಸಾಮಾನು.

ಮಾವ ಮರುದಿನ ಬೆನ್ನಿನ ಫೋಟೊ ಕಳಿಸಿದರು. ಎರಡು ಅಗಲದ ಕಿಂಡಿ. ಒಂದರಲ್ಲಿ ಒಣಗಿದ ಚರ್ಮದ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಅಳತೆ ಕೇಳಿದೆ. ಉದ್ದ 80 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ ಪೇಟದ ಬಿಲ್ಲೆಯಂತೂ ಅಲ್ಲ. ಬೆಲ್ಟಿನದ್ದು. ನನಗೆ ಆಗಲೇ ಒಂದು ಅನುಮಾನ ಬಂತು. ಆದರೆ ಮಾವನಿಗೆ ಹೇಳಲಿಲ್ಲ.

ಕಿರೀಟ ಇದ್ದರೆ ಅರ್ಧ ಕೆಲಸ ಮುಗಿಯಿತು

ಬ್ರಿಟಿಷ್ ಕಾಲದ ಬಿಲ್ಲೆಯಲ್ಲಿ ಕಿರೀಟ ಇದ್ದರೆ ಕಾಲ ಕಟ್ಟಿಹಾಕೋದು ಸುಲಭ. ಕಿರೀಟದ ಮೇಲಿನ ಕಮಾನು ನೋಡಿ. ಎರಡು ಕಡೆಯಿಂದ ಎದ್ದು, ಗುಮ್ಮಟದ ಹಾಗೆ ದುಂಡಗೆ ಸೇರಿದರೆ ಅದನ್ನು ರಾಜನ ಕಿರೀಟ ಅನ್ನುತ್ತಾರೆ. ಟ್ಯೂಡರ್ ಕಿರೀಟ ಅಂತಲೂ ಹೆಸರಿದೆ. 1901ರಿಂದ 1950ರ ದಶಕದ ಶುರುವರೆಗೆ ಇದೇ. ಕಮಾನು ಮೇಲೆದ್ದು ನಡುವೆ ಕುಸಿದು, ಎರಡು ಭುಜ ಮಾಡಿಕೊಂಡಿದ್ದರೆ ರಾಣಿಯ ಕಿರೀಟ. ಆದರೆ ಯಾವ ರಾಣಿ? ವಿಕ್ಟೋರಿಯಾ ಕಾಲದ್ದೂ ನಡುವೆ ಇಳಿದಿರುತ್ತದೆ, ಎಲಿಜಬೆತ್ ಕಾಲದ್ದೂ ಇಳಿದಿರುತ್ತದೆ. ವಿಕ್ಟೋರಿಯಾದ್ದು ಅಗಲವಾಗಿ, ಚಪ್ಪಟೆಯಾಗಿ, ಬದಿಗೆ ಉಬ್ಬಿಕೊಂಡಿರುತ್ತದೆ. ಎಲಿಜಬೆತ್‌ದು ಎತ್ತರ ಜಾಸ್ತಿ, ಅಂಚು ಚೊಕ್ಕ.

ನಮ್ಮಲ್ಲಿ ಸಿಕ್ಕ ಬಿಲ್ಲೆಗಳಿಗೆ ಒಂದು ಸುಲಭದ ಜರಡಿ ಇದೆ. ಭಾರತ ಗಣರಾಜ್ಯವಾದದ್ದು 1950ರ ಜನವರಿ 26ಕ್ಕೆ. ಎಲಿಜಬೆತ್ ರಾಣಿಯಾದದ್ದು 1952ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ನಮ್ಮ ಸೇನೆಯ ಬಿಲ್ಲೆಗಳಲ್ಲಿ ಕಿರೀಟ ಇಳಿದು ಅಶೋಕನ ಸಿಂಹ ಬಂದಿತ್ತು. ಹಾಗಾಗಿ ಎಲಿಜಬೆತ್ ಕಿರೀಟದ ಬಿಲ್ಲೆ ಯಾವ ಭಾರತೀಯ ಪಡೆಯದೂ ಆಗಲಾರದು. ಅಜ್ಜ ಎಲ್ಲಿಂದಲೋ ಕೊಂಡು ತಂದದ್ದು, ಅಥವಾ ಯಾರೋ ಕೊಟ್ಟದ್ದು.

ಇತ್ತೀಚೆಗೆ ಇದರಲ್ಲೂ ಒಂದು ಗೊಂದಲ ಸೇರಿದೆ. ಮೂರನೇ ಚಾರ್ಲ್ಸ್ 2022ರಲ್ಲಿ ತಮ್ಮ ಲಾಂಛನಕ್ಕೆ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡರು. ಅಂದರೆ ದುಂಡು ಕಮಾನಿನ ಹೊಚ್ಚಹೊಸ ಬ್ರಿಟಿಷ್ ಬಿಲ್ಲೆಗಳೂ ಈಗ ಬರುತ್ತಿವೆ. ದುಂಡು ಕಿರೀಟ ಕಂಡ ಕೂಡಲೇ ಮಹಾಯುದ್ಧದ್ದು ಅಂತ ಕುಣಿಯೋ ಹಾಗಿಲ್ಲ.

ಕಿರೀಟದ ಕೆಳಗೆ ಹೆಣೆದ ಅಕ್ಷರಗಳಿದ್ದರೆ ಇನ್ನೂ ಒಳ್ಳೇದು. ವಿ.ಆರ್.ಐ. ಅಂದರೆ ವಿಕ್ಟೋರಿಯಾ. ಕೊನೆಯ ಐ ಚಕ್ರವರ್ತಿನಿ ಅನ್ನೋದಕ್ಕೆ, ಆ ಬಿರುದು 1870ರ ದಶಕದಲ್ಲಿ ಬಂದದ್ದು. ಇ.ಆರ್.ಐ. ಅಂದರೆ ಏಳನೇ ಎಡ್ವರ್ಡ್, 1901ರಿಂದ 1910. ಜಿ.ಆರ್.ಐ. ಇದ್ದರೆ ಐದನೇ ಅಥವಾ ಆರನೇ ಜಾರ್ಜ್.

ಮಾವನದ್ದರಲ್ಲಿ ಬ್ರಿಟಿಷ್ ಕಿರೀಟವೇ ಇಲ್ಲ. ಬರೀ ಹಕ್ಕಿ.

ಪ್ರಾಣಿ ಪಕ್ಷಿ ನಂಬಬೇಡಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಹುಲಿ ಕಂಡರೆ ಟಿಪ್ಪು, ಆನೆ ಕಂಡರೆ ಮೈಸೂರು, ಎರಡು ತಲೆ ಹಕ್ಕಿ ಕಂಡರೆ ಒಡೆಯರು. ಹೀಗೆ ನಮ್ಮ ತಲೆ ಓಡುತ್ತದೆ.

ಹುಲಿ, ಮೇಲೆ ಹಿಂದೂಸ್ತಾನ್ ಅಂತ ಹಳೇ ಇಂಗ್ಲಿಷ್ ಕಾಗುಣಿತ. ಇದನ್ನು ಕಂಡು ಶ್ರೀರಂಗಪಟ್ಟಣದ್ದು ಅಂದುಕೊಂಡವರನ್ನು ನೋಡಿದ್ದೇನೆ. ಅದು ಇಂಗ್ಲೆಂಡಿನ ಲೆಸ್ಟರ್‌ಶೈರ್ ರೆಜಿಮೆಂಟಿನ ಟೋಪಿ ಬಿಲ್ಲೆ. ಭಾರತದಲ್ಲಿ ಸೇವೆ ಮಾಡಿದ್ದಕ್ಕೆ 1825ರಲ್ಲಿ ಅವರಿಗೆ ಆ ಹುಲಿ ಸಿಕ್ಕಿತು. ಆನೆ, ಜೊತೆಗೆ ಅಸ್ಸಾಯೆ ಅಂತ ಬರಹ. ಅಸ್ಸಾಯೆ ಇರುವುದು ಈಗಿನ ಮಹಾರಾಷ್ಟ್ರದಲ್ಲಿ. 1803ರ ಸೆಪ್ಟೆಂಬರ್ 23ರಂದು ಅಲ್ಲಿ ಬ್ರಿಟಿಷ್ ಸೇನಾಪತಿ ವೆಲ್ಲೆಸ್ಲಿ ಮರಾಠರ ಸೈನ್ಯವನ್ನು ಸೋಲಿಸಿದ. ಆ ಆನೆ ಸ್ಕಾಟ್ಲೆಂಡಿನ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಬಿಲ್ಲೆಯಲ್ಲೂ ಇದೆ, ನಮ್ಮ ಮದ್ರಾಸ್ ರೆಜಿಮೆಂಟಿನ ಲಾಂಛನದಲ್ಲೂ ಇದೆ.

ಇಸವಿಯೂ ಹೀಗೇ ಮೋಸ ಮಾಡುತ್ತದೆ. ಬಿಲ್ಲೆಯ ಮೇಲಿನ ಇಸವಿ ಸಾಮಾನ್ಯವಾಗಿ ಪಡೆ ಹುಟ್ಟಿದ್ದೋ, ಯುದ್ಧ ನಡೆದದ್ದೋ. ಬಿಲ್ಲೆ ಮಾಡಿದ್ದಲ್ಲ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ಪಡೆ, ತಮ್ಮ ಹುಟ್ಟನ್ನು 1780ಕ್ಕೆ ಎಣಿಸುತ್ತಾರೆ. ಹಾಗಂತ ಆ ಇಸವಿ ಬರೆದ ಬಿಲ್ಲೆ ಹೈದರಾಲಿ ಕಾಲದ್ದಾಗುತ್ತದಾ?

ಇನ್ನು ಎರಡು ತಲೆ ಹಕ್ಕಿ. ಫೋಟೊ ಹಾಕಿ ಅಂತರ್ಜಾಲದಲ್ಲಿ ಹುಡುಕಿದರೆ ರಷ್ಯಾ, ಸರ್ಬಿಯಾ, ಅಲ್ಬೇನಿಯಾ ಎಲ್ಲವೂ ಬರುತ್ತವೆ. ಇವುಗಳಲ್ಲಿ ಬೆಂಗಳೂರು ಕಂಟೋನ್ಮೆಂಟಿನ ಗುಜರಿ ಅಂಗಡಿಯಲ್ಲೂ ಸಿಗಬಹುದಾದದ್ದು ಒಂದಿದೆ: ಬ್ರಿಟಿಷ್ ಅಶ್ವಪಡೆ ಕಿಂಗ್ಸ್ ಡ್ರಗೂನ್ ಗಾರ್ಡ್ಸ್. ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫ್ 1896ರಲ್ಲಿ ಆ ಪಡೆಯ ಗೌರವ ಕರ್ನಲ್ ಆದ. ಅವನ ಎರಡು ತಲೆ ಹದ್ದನ್ನೇ ಅವರು ಬಿಲ್ಲೆ ಮಾಡಿಕೊಂಡರು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾನೇ ಶತ್ರುವಾಯಿತು. ಹದ್ದನ್ನು ತೆಗೆದರು. ಆಮೇಲೆ ಮತ್ತೆ ತಂದರು. ಗಂಡಭೇರುಂಡದಿಂದ ಬೇರೆ ಮಾಡೋದು ಕಷ್ಟವಲ್ಲ. ಆಸ್ಟ್ರಿಯಾದ ಹದ್ದಿಗೆ ಎದೆ ಮೇಲೆ ಗುರಾಣಿ ಇರುತ್ತದೆ, ತಲೆ ಮೇಲೆ ಕಿರೀಟ ಇರುತ್ತದೆ. ರೆಕ್ಕೆಯ ಗರಿಗಳು ಕತ್ತಿಯ ಹಾಗೆ ಬಿಡಿಬಿಡಿ. ನಮ್ಮ ಹಕ್ಕಿಗೆ ಗುರಾಣಿ ಇಲ್ಲ. ಕುತ್ತಿಗೆ ಬಳುಕಿರುತ್ತದೆ, ಕೊಕ್ಕು ಬಾಗಿರುತ್ತದೆ. ದೇವಸ್ಥಾನದ ಕಂಬದ ಮೇಲೆ ಕಾಣುವ ಹಕ್ಕಿಯದೇ ಗತ್ತು.

ಸರಿ, ಮಾವನದ್ದು ಗಂಡಭೇರುಂಡವೇ. ಆದರೆ ಅದರಿಂದ ತಿಳಿಯುವುದು ಮೈಸೂರು ಅನ್ನೋದು ಮಾತ್ರ. ಲ್ಯಾನ್ಸರ್ಸ್ ಅಂತ ತಿಳಿಯುವುದಿಲ್ಲ. ಅರಮನೆಯವರು, ಸರ್ಕಾರದ ಕಚೇರಿಯವರು, ಸೈನ್ಯದವರು ಎಲ್ಲರಿಗೂ ಅದೇ ಹಕ್ಕಿ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲೂ ಅದಿದೆ. ಇವತ್ತು ನಾವು ಹತ್ತುವ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೂ ಇದೆ.

ಅಂಕಿ ಮತ್ತು ಊರ ಹೆಸರು

ಪದಾತಿ ದಳದ ಬಿಲ್ಲೆಯಲ್ಲಿ ಅಂಕಿ ಇದ್ದರೆ ಎರಡು ಇಸವಿ ನೆನಪಿಟ್ಟುಕೊಳ್ಳಿ: 1903, 1922.

1903ರಲ್ಲಿ ಆಗಿನ ಸೇನಾ ಮುಖ್ಯಸ್ಥ ಕಿಚನರ್ ಭಾರತೀಯ ಸೇನೆಯ ಅಂಕಿಗಳನ್ನೆಲ್ಲ ಒಂದೇ ಸಾಲಿಗೆ ತಂದ. ಅಲ್ಲಿಯವರೆಗೆ ಬಂಗಾಳ, ಮದ್ರಾಸ್, ಬಾಂಬೆ ಮೂರು ಸೈನ್ಯಗಳಲ್ಲೂ ಒಂದೊಂದು 10ನೇ ಪಡೆ ಇರಬಹುದಿತ್ತು. ಮದ್ರಾಸಿನ ಪದಾತಿಗಳಿಗೆ 60 ಕೂಡಿಸಿದರು, ಬಾಂಬೆಯವಕ್ಕೆ 100. ಬಾಂಬೆಯ 10ನೇ ಪಡೆ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಆದದ್ದು ಹೀಗೆ. 1922ರಲ್ಲಿ ಮತ್ತೆ ಎಲ್ಲ ಬದಲಾಯಿತು. ಹಲವು ಪಡೆಗಳನ್ನು ಸೇರಿಸಿ ದೊಡ್ಡ ರೆಜಿಮೆಂಟ್ ಮಾಡಿದರು. 110ನೆಯದು 5ನೇ ಮರಾಠಾ ರೆಜಿಮೆಂಟಿನ ಮೂರನೇ ಬೆಟಾಲಿಯನ್ ಆಯಿತು. ಅಂದರೆ 110 ಅನ್ನುವ ಅಂಕಿ ಬದುಕಿದ್ದು ಬರೀ ಹತ್ತೊಂಬತ್ತು ವರ್ಷ.

ಬೆಳಗಾವಿ ಕಡೆಯ ಗೆಳೆಯನೊಬ್ಬ ಭುಜದ ಮೇಲಿನ ಹಿತ್ತಾಳೆ ಅಕ್ಷರ ತಂದು ತೋರಿಸಿದ್ದ. ಕಮಾನಿನ ಹಾಗೆ ಬಾಗಿದ ಪಟ್ಟಿ, ಮೇಲೆ 110. ಅವನ ಮನೆಯ ಕಥೆ: ಅಜ್ಜ ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿದ್ದರು, ಇದು ಅವರದ್ದು. ಅಜ್ಜ ಇಟಲಿಗೆ ಹೋಗಿದ್ದಿರಬಹುದು. ಮರಾಠಾ ಬೆಟಾಲಿಯನ್‌ಗಳು ಅಲ್ಲಿ ಹೋರಾಡಿವೆ. ಆದರೆ ಇಟಲಿಯ ಹೊತ್ತಿಗೆ 110 ಇರಲೇ ಇಲ್ಲ. ಹಾಗಾದರೆ ಇನ್ನೊಂದು ತಲೆಮಾರು ಹಿಂದೆ ಹೋಗಬೇಕು. 110ನೇ ಪಡೆ ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿತ್ತು. ಈಗಿನ ಇರಾಕು. ಕುತ್ ಅನ್ನುವ ಊರಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಸಿಕ್ಕಿ, 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾದ ಸೈನ್ಯದಲ್ಲಿ ಅವರೂ ಇದ್ದರು. ಗೆಳೆಯ ಮನೆಗೆ ಹೋಗಿ ಕೇಳಿದ. ಅಜ್ಜನ ಅಪ್ಪನೂ ಪಲ್ಟಣ್‌ನಲ್ಲಿದ್ದರು, ಆ ಮಾತನ್ನು ಯಾರೂ ಆಡುತ್ತಿರಲಿಲ್ಲ ಅಷ್ಟೆ ಅಂತ ದೊಡ್ಡಮ್ಮ ಹೇಳಿದರಂತೆ.

ಊರ ಹೆಸರಿನ ಮೋಸ ಎರಡು ಹೇಳುತ್ತೇನೆ, ಕನ್ನಡಿಗರು ಇವಕ್ಕೇ ಜಾಸ್ತಿ ಬೀಳುವುದು. 75ನೇ, 79ನೇ ಕರ್ನಾಟಿಕ್ ಇನ್‌ಫೆಂಟ್ರಿ ಅಂತ ಪಡೆಗಳಿದ್ದವು. ಹೆಸರು ಕೇಳಿ ಹಿಗ್ಗಬೇಡಿ. ಆ ಕರ್ನಾಟಿಕ್ ನಮ್ಮ ಕರ್ನಾಟಕ ಅಲ್ಲ. ಆರ್ಕಾಟಿನ ನವಾಬರ ಸೀಮೆ, ಪೂರ್ವ ಕರಾವಳಿಯ ಕಡೆಯದು. ಅವು ಮದ್ರಾಸ್ ಸೈನ್ಯದ ಪಡೆಗಳು. ಎರಡನೇದು, 19ನೇ ಹೈದರಾಬಾದ್ ರೆಜಿಮೆಂಟ್. ಕಲಬುರಗಿ, ರಾಯಚೂರಿನವರು ನಿಜಾಮನ ಸೈನ್ಯ ಅಂದುಕೊಳ್ಳುತ್ತಾರೆ. ಹೆಸರಿನ ಬೇರು ನಿಜಾಮನ ಸೀಮೆಯದೇ, ಆದರೆ ಅದು ಬ್ರಿಟಿಷ್ ಭಾರತದ ಸೇನೆ. ಕೊನೆಗೆ ಅದರಲ್ಲಿ ಹಿಮಾಲಯದ ಕಡೆಯ ಕುಮಾವೂನಿಗರೇ ಹೆಚ್ಚಾಗಿ 1945ರಲ್ಲಿ ಹೆಸರೇ ಕುಮಾವೂನ್ ಆಯಿತು. ನಿಜಾಮನ ಸ್ವಂತ ಪಡೆಗಳು ಬೇರೆ, ಹೈದರಾಬಾದ್ ಲ್ಯಾನ್ಸರ್ಸ್ ಆ ಕಡೆಯದು.

ಕೋಲಾರ ಚಿನ್ನದ ಗಣಿ, ಬೆಂಗಳೂರು, ಕೊಡಗು ಅಂತ ಇಂಗ್ಲಿಷಿನಲ್ಲಿ ಬರೆದ ಬಿಲ್ಲೆ ಸಿಕ್ಕರೆ, ಅವು ಇಲ್ಲಿದ್ದ ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಸ್ವಯಂಸೇವಕ ಪಡೆಗಳದ್ದಾಗಿರಬಹುದು. ಗಣಿಯ ಅಧಿಕಾರಿಗಳು, ಕಾಫಿ ತೋಟದ ದೊರೆಗಳು ವಾರಕ್ಕೊಮ್ಮೆ ಬಂದೂಕು ಹಿಡಿಯುತ್ತಿದ್ದ ಪಡೆಗಳು. 1920ರಿಂದ ಇವಕ್ಕೆ ಆಕ್ಸಿಲಿಯರಿ ಫೋರ್ಸ್ ಅಂತ ಹೆಸರು, 1947ಕ್ಕೆ ಮುಕ್ತಾಯ.

ಅಸಲಿಯಾ, ನಕಲಿಯಾ?

ಒಳ್ಳೆಯ ಬಿಲ್ಲೆಗಳನ್ನು ಉಕ್ಕಿನ ಡೈಯಲ್ಲಿ ಒತ್ತಿ ಮಾಡುತ್ತಿದ್ದರು. ತೆಳು ತಗಡು, ಗೆರೆ ಚೂಪು, ಹಿಂಭಾಗದಲ್ಲಿ ಅದೇ ಚಿತ್ರ ತಗ್ಗಾಗಿ ಕಾಣುತ್ತದೆ. ನಕಲು ಮಾಡುವವರು ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ದಪ್ಪ ಜಾಸ್ತಿ, ಭಾರ ಜಾಸ್ತಿ, ಗೆರೆ ಮೊಂಡು, ಮೈಮೇಲೆ ಸಣ್ಣ ಸಣ್ಣ ಗುಳಿ. ಇನ್ನೊಂದು ಸೂಕ್ಷ್ಮ ಇದೆ. ಕಾದ ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆ ಎರಡು ಪಾಲು ಕುಗ್ಗುತ್ತದೆ. ಅಸಲಿ 45 ಮಿಲಿಮೀಟರ್ ಇದ್ದರೆ ಎರಕದ್ದು ಮುಕ್ಕಾಲು ಮಿಲಿಮೀಟರ್ ಚಿಕ್ಕದು. ಸ್ಕೇಲಿನಲ್ಲಿ ಗೊತ್ತಾಗೋದಿಲ್ಲ. ವರ್ನಿಯರ್ ಇಟ್ಟರೆ ಗೊತ್ತಾಗುತ್ತದೆ.

ಹಾಗಂತ ಎರಕದ್ದೆಲ್ಲ ನಕಲಿ ಅಲ್ಲ. ಯುದ್ಧಕಾಲದಲ್ಲಿ ಇಂಗ್ಲೆಂಡಿನಿಂದ ಮಾಲು ಬರೋದು ತಡವಾದಾಗ ಇಲ್ಲಿನ ಪೇಟೆಯ ಕಂಚುಗಾರರೇ ಎರಕ ಹೊಯ್ದು ಕೊಡುತ್ತಿದ್ದರು. ಅಕ್ಷರ ಸೊಟ್ಟ, ಅಂಚು ಅರದಿಂದ ಉಜ್ಜಿದ್ದು. ಅವು ಒರಟಾಗಿದ್ದರೂ ಅಸಲಿ. ನನಗಂತೂ ಬರ್ಮಿಂಗ್‌ಹ್ಯಾಮಿನ ನುಣುಪು ಬಿಲ್ಲೆಗಿಂತ ಇವೇ ಇಷ್ಟ. ಹಿಂದೆ ದೊಡ್ಡ ಕಂಪನಿಯ ಹೆಸರು ಒತ್ತಿದೆ ಅನ್ನೋದೊಂದೇ ಸಾಕ್ಷಿ ಆಗಲಾರದು. ಹೆಸರನ್ನೂ ನಕಲು ಮಾಡುತ್ತಾರೆ.

ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಹಿತ್ತಾಳೆ ಬರೀ ಮೇಲಿನ ಲೇಪ. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ, ಎಷ್ಟು ವರ್ಷವಾದರೂ ಚಿನ್ನದ ಹಾಗೆ ಹೊಳೆಯುತ್ತದೆ ಅಂದರೆ ಬಣ್ಣ ಹಾಯಿಸಿದ ಅಲ್ಯೂಮಿನಿಯಂ. ಅದು ಎರಡನೇ ಮಹಾಯುದ್ಧದ ನಂತರದ್ದು.

ಅಸಲಿಗೆ ಇದು ಸೈನ್ಯದ್ದೇನಾ?

ಈ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಹಳೇ ಕಾಲದಲ್ಲಿ ಬಿಲ್ಲೆ ಹಾಕಿಕೊಳ್ಳುತ್ತಿದ್ದದ್ದು ಸಿಪಾಯಿ ಒಬ್ಬನೇ ಅಲ್ಲ. ಅಂಚೆಯವನು, ರೈಲಿನ ಕೂಲಿ, ಅರಣ್ಯ ಕಾವಲುಗಾರ, ಪೊಲೀಸು, ಕಚೇರಿಯ ಜವಾನ, ಎಲ್ಲರಿಗೂ ಬಿಲ್ಲೆ. ಚಪರಾಸಿ ಅನ್ನುವ ಮಾತೇ ಚಪ್ರಾಸ್, ಅಂದರೆ ಬೆಲ್ಟಿನ ಬಿಲ್ಲೆ, ಅದರಿಂದ ಬಂದದ್ದು. ಅವನ ಬಿಲ್ಲೆಯ ಲಕ್ಷಣ ಏನು? ದೊಡ್ಡದು, ಮೊಟ್ಟೆಯಾಕಾರ ಅಥವಾ ದುಂಡು, ಚರ್ಮದ ಪಟ್ಟಿಗೆ ಸೇರುವಂಥದ್ದು, ಇಲಾಖೆಯ ಹೆಸರು, ಕೆಳಗೆ ಆಳಿನ ನಂಬರು.

ಈಗ ಮಾವನ ಬಿಲ್ಲೆಗೆ ಬನ್ನಿ. ಚರ್ಮದ ಕಿಂಡಿ. 80 ಮಿಲಿಮೀಟರ್ ದಾಟಿದ ಗಾತ್ರ. ಒಂಟಿ ನಂಬರು, ಅದೂ ಕನ್ನಡ ಅಂಕಿಯಲ್ಲಿ. ಆ ಕಾಲದ ಪಡೆಗಳ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಇರುತ್ತಿತ್ತು. ಭಾನುವಾರ ಅವರ ಮನೆಗೇ ಹೋದೆ. ಬಾಗಿಲು ಹಾಕಿ, ಮೊಬೈಲ್ ಟಾರ್ಚನ್ನು ಪಕ್ಕಕ್ಕೆ ಹಿಡಿದೆ. ನಡುವಿನ ಸಾಲು ನಿಧಾನಕ್ಕೆ ಎದ್ದಿತು. ಮೊದಲು ಒಂದು ಕೊಂಬು, ಆಮೇಲೆ ಒತ್ತು. ಕೊನೆಯ ಮೂರು ಅಕ್ಷರ ಮಾತ್ರ ಪೂರ್ತಿ ಸಿಕ್ಕವು: ಕಚೇರಿ.

ಮಾವ ಸುಮ್ಮನಾದರು. "ಹಂಗಾದ್ರೆ ಅಮ್ಮ ಹೇಳಿದ್ದು ಸುಳ್ಳಾ? ದಫೇದಾರ್ ಆಗಿದ್ರು ಅಂತ ಅವಳು ಎಷ್ಟು ಸಲ ಹೇಳಿಲ್ಲ?"

ಸುಳ್ಳಲ್ಲ. ದಫೇದಾರ್ ಅನ್ನೋದು ಅಶ್ವಪಡೆಯಲ್ಲಿ ಒಂದು ದರ್ಜೆ, ಪದಾತಿಯ ಹವಾಲ್ದಾರನಿಗೆ ಸಮ. ನಮ್ಮ ಜಿಲ್ಲಾಧಿಕಾರಿಯ ಕೋಣೆ ಬಾಗಿಲಲ್ಲಿ ಪೇಟ ಸುತ್ತಿ, ಎದೆಗೆ ಅಡ್ಡಪಟ್ಟಿ ಹಾಕಿ ನಿಲ್ಲುವವರನ್ನೂ ದಫೇದಾರ್ ಅಂತಲೇ ಕರೆಯುತ್ತೇವೆ. ಅಜ್ಜಿ ಹೇಳಿದ್ದು ಯಾವ ದಫೇದಾರ್ ಅಂತ ಯಾರೂ ಕೇಳಿರಲಿಲ್ಲ.

ಬಿಲ್ಲೆ ಬಾಯಿ ಬಿಡದಿದ್ದರೆ ಟ್ರಂಕು ಕೆದಕಿ

ಬಿಲ್ಲೆಗೆ ಹೆಸರು ಇರುವುದಿಲ್ಲ. ಪದಕಕ್ಕೆ ಇರುತ್ತದೆ. ಮೊದಲ ಮಹಾಯುದ್ಧದ ದುಂಡು ಪದಕಗಳ ದಪ್ಪದ ಅಂಚಿನ ಮೇಲೆ, ಅಂದರೆ ನಾಣ್ಯಕ್ಕೆ ಗೀರು ಇರುವ ಜಾಗದಲ್ಲಿ, ಸಿಪಾಯಿಯ ನಂಬರು, ದರ್ಜೆ, ಹೆಸರು, ಪಡೆ ಒತ್ತಿರುತ್ತಾರೆ. ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳಿಗೆ ಹೆಸರಿಲ್ಲದ ಪದಕ ಕೊಟ್ಟರು. ಭಾರತೀಯರಿಗಾದರೆ ಹೆಸರು ಒತ್ತಿಯೇ ಕೊಟ್ಟರು. ಹಾಗಾಗಿ ಬಿಲ್ಲೆ ಸಿಕ್ಕ ಜಾಗದಲ್ಲಿ ಪದಕ ಹುಡುಕಿ. ಬೆಳ್ಳಿಯ ಪದಕಗಳನ್ನು ಮನೆಯವರು ಬೆಳ್ಳಿ ಸಾಮಾನಿನ ಜೊತೆ ಇಟ್ಟಿರುತ್ತಾರೆ. ಎಷ್ಟೋ ಪದಕ ಅಕ್ಕಸಾಲಿಯ ಮೂಸೆಗೆ ಹೋಗಿ ಕಾಲುಂಗುರ ಆಗಿವೆ.

ಹಳೇ ಪಿಂಚಣಿ ಪುಸ್ತಕ, ಬಿಡುಗಡೆ ಪತ್ರ, ಗುಂಪು ಫೋಟೊ ಕೂಡ ನೋಡಿ. ಫೋಟೊದಲ್ಲಿ ಬಿಲ್ಲೆ ಎಲ್ಲಿದೆ ಅಂತ ಕಂಡರೆ ಮೇಲೆ ಹೇಳಿದ ಅರ್ಧ ತಪಾಸಣೆ ಬೇಡವೇ ಬೇಡ. ಪಡೆ ಯಾವುದು ಅಂತ ಅಂದಾಜು ಸಿಕ್ಕ ಮೇಲೆ ಆ ರೆಜಿಮೆಂಟಿನ ಕೇಂದ್ರಕ್ಕೆ ಪತ್ರ ಬರೆಯಿರಿ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್. ಮುಂಭಾಗ, ಹಿಂಭಾಗ, ಪಕ್ಕದಲ್ಲಿ ಸ್ಕೇಲ್ ಇಟ್ಟ ಫೋಟೊ ಮೂರೂ ಇರಲಿ. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಹೆಸರು ಮತ್ತು ಪಡೆ ಹುಡುಕಬಹುದು. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳು 1972ರ ಪುರಾವಸ್ತು ಕಾಯ್ದೆಗೆ ಬರುತ್ತವೆ. ಅವನ್ನು ಸುಮ್ನೆ ಬ್ಯಾಗಿಗೆ ಹಾಕಿಕೊಂಡು ದೇಶದಾಚೆ ಒಯ್ಯೋ ಹಾಗಿಲ್ಲ. ಮೊದಲ ಮಹಾಯುದ್ಧದ ಸಾಮಾನೆಲ್ಲ ಈಗ ಆ ಗಡಿ ದಾಟಿದೆ.

ಮಾವನ ಮನೆಯಲ್ಲಿ ಪದಕ ಇತ್ತು. ಟ್ರಂಕಿನಲ್ಲಲ್ಲ, ದೇವರ ಮನೆಯಲ್ಲಿ. ಅತ್ತೆಗೆ ತಟ್ಟನೆ ನೆನಪಾಯಿತು. "ಆ ಕುದುರೆ ದೇವರಾ? ಅದು ನಿಮ್ಮಮ್ಮಂದು, ನಾನು ಮುಟ್ಟಿಲ್ಲ" ಅಂದರು. ಕುಂಕುಮ ಹತ್ತಿದ ಬೆಳ್ಳಿ ಬಿಲ್ಲೆ. ಒಂದು ಕಡೆ ಐದನೇ ಜಾರ್ಜ್ ತಲೆ. ಇನ್ನೊಂದು ಕಡೆ ಕುದುರೆ ಮೇಲೆ ಬೆತ್ತಲೆ ಸವಾರ. ಬ್ರಿಟಿಷ್ ವಾರ್ ಮೆಡಲ್, 36 ಮಿಲಿಮೀಟರ್. ಅಂಚನ್ನು ಟಾರ್ಚಿಗೆ ಹಿಡಿದು ತಿರುಗಿಸಿದೆ. ನಂಬರು, ಆಮೇಲೆ ಸವಾರ್ ಅಂತ ಇಂಗ್ಲಿಷ್ ಅಕ್ಷರ, ಆಮೇಲೆ ತಾತನ ಹೆಸರು, ತಪ್ಪು ತಪ್ಪು ಕಾಗುಣಿತದಲ್ಲಿ. ಕೊನೆಗೆ ಮೈಸೂರು, ಮತ್ತು ಲ್ಯಾನ್ಸರ್ಸ್ ಅನ್ನೋದನ್ನು ನಾಲ್ಕೇ ಅಕ್ಷರಕ್ಕೆ ಇಳಿಸಿದ ಮುದ್ರೆ.

ಅಂದರೆ ತಾತ ಲ್ಯಾನ್ಸರ್ಸ್‌ನಲ್ಲಿ ಇದ್ದದ್ದು ನಿಜ. ಪಡೆ 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದವರ ಜೊತೆ ಹೈಫಾ ಹಿಡಿದದ್ದೂ ನಿಜ. ಆ ದಿನ ತಾತ ಅಲ್ಲಿದ್ದರೋ ಇಲ್ಲವೋ ಪದಕ ಹೇಳುವುದಿಲ್ಲ. ಅಲ್ಲಿ ಅವರು ದಫೇದಾರ್ ಆಗಿರಲಿಲ್ಲ, ಬರೀ ಸವಾರ. ದಫೇದಾರ್ ಆದದ್ದು ವಾಪಸ್ ಬಂದ ಮೇಲೆ, ಯಾವುದೋ ಕಚೇರಿಯಲ್ಲಿ, 34ನೇ ನಂಬರಿನ ಬಿಲ್ಲೆ ಕಟ್ಟಿಕೊಂಡು.

ಮಾವ ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿದರು. ಚೀಟಿ ಬರೆದು ಇಡಿ ಅಂದೆ. ಎಲ್ಲಿ ಸಿಕ್ಕಿತು, ಯಾರದು, ಅಂಚಿನ ಮೇಲೆ ಏನಿದೆ, ಇಸವಿ ಸಮೇತ. ಬರೆದರು. ಅತ್ತೆ ಮಾತ್ರ ಕುದುರೆ ದೇವರನ್ನು ದೇವರ ಮನೆಯಿಂದ ತೆಗೆಯೋಕೆ ಒಪ್ಪಲಿಲ್ಲ. ಬಟ್ಟೆ ಬಿಚ್ಚಿ ಪದಕವನ್ನು ವಾಪಸ್ ಅಲ್ಲೇ ಇಟ್ಟರು, ಚೀಟಿಯನ್ನು ಕೆಳಗೆ ಸಿಕ್ಕಿಸಿ.